ಹಸಿರುಗಟ್ಟಿದ ಕೆರೆಯಲ್ಲಿ ಮೀನಿನ ಪಾಡು

ಕೇಳುಗರಿಗೆ ನಮಸ್ಕಾರ.

ಬೇಸಿಗೆಯಲ್ಲಿ ನೀರು ತಗ್ಗಿ, ಗಾಳಿಯೂ ಆಡದ ದಿನಗಳಲ್ಲಿ ಹುಬ್ಬಳ್ಳಿಯ ಉಣಕಲ್ ಕೆರೆಯ ಕಡೆಗೋ ಧಾರವಾಡದ ಕೆಲಗೇರಿಯ ಕಡೆಗೋ ಹೋದವರು ದಡದ ನೀರನ್ನು ಒಮ್ಮೆ ಗಮನಿಸಿ ನೋಡಿ. ಹಸಿರು ಪದರ ಕಂಡರೆ ಅದರೊಳಗೆ ಕೈ ಹಾಕಬೇಡಿ, ಒಂದು ಕೋಲು ಅದ್ದಿ ಎತ್ತಿ. ಎಳೆ ಎಳೆಯಾಗಿ ಜೋತುಬಿದ್ದರೆ ಅದು ಸಾಮಾನ್ಯ ಪಾಚಿ. ಕೋಲಿಗೆ ಹಸಿರು ಬಣ್ಣ ಬಳಿದಂತೆ ಮೆತ್ತಿಕೊಂಡರೆ ನೀಲಿ-ಹಸಿರು ಪಾಚಿ ಇರಬಹುದೆಂದು ಸಂಶಯಪಡಿ. ನಾವು ಪಾಚಿ ಎನ್ನುತ್ತೇವೆ, ನಿಜದಲ್ಲಿ ಅದು ಸಯನೋಬ್ಯಾಕ್ಟೀರಿಯಾ, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಎಲ್ಲ ಬಗೆಗಳೂ ವಿಷ ಕಾರುವುದಿಲ್ಲ, ಆದರೆ ಯಾವುದು ಕಾರುತ್ತದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಚರಂಡಿ ನೀರು ಮತ್ತು ಹೊಲದ ಗೊಬ್ಬರ ಹೊತ್ತು ತರುವ ರಂಜಕವೇ ಇದಕ್ಕೆ ಮುಖ್ಯ ಆಹಾರ. ಹಗಲು ಆಮ್ಲಜನಕ ಬಿಡುವ ಈ ಜೀವಿ ರಾತ್ರಿ ಅದನ್ನೇ ಹೀರುತ್ತದೆ. ಹಾಗಾಗಿ ಬೆಳಕು ಹರಿಯುವ ಮುನ್ನ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಕಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುವುದು ಆ ಹೊತ್ತಿನಲ್ಲೇ. ಬಿಸಿಲೇರಿದ ಮೇಲೆ ಕೆಲವು ಚೇತರಿಸಿಕೊಳ್ಳುತ್ತವೆ.

ವಿಷ ತಗುಲಿದ ಮೀನಿಗೆ ಆ ಅವಕಾಶವೂ ಕಡಿಮೆ. ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ತಯಾರಿಸುವ ಮೈಕ್ರೊಸಿಸ್ಟಿನ್ ವಿಷ ನೇರವಾಗಿ ಯಕೃತ್ತಿಗೆ ಹೊಡೆಯುತ್ತದೆ. ಅಲ್ಲಿನ ಜೀವಕೋಶಗಳು ಕುಸಿಯುತ್ತವೆ, ಕಿವಿರು ಮತ್ತು ಮೂತ್ರಪಿಂಡಗಳೂ ಕೆಡುತ್ತವೆ. ಒಮ್ಮೆಗೇ ಸಾಯದ ಮೀನು ಸರಿಯಾಗಿ ಬೆಳೆಯುವುದಿಲ್ಲ, ಮೊಟ್ಟೆಯೊಡೆದ ಮರಿಗಳು ಬದುಕುವುದಿಲ್ಲ. ನಮ್ಮ ಕಣ್ಣಿಗೆ ಬೀಳದ ಈ ನಷ್ಟವೇ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ದಡಕ್ಕೆ ಬಂದು ಬೀಳುವ ಸತ್ತ ಮೀನನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಇನ್ನೊಂದು ವಿಷ ಅನಾಟಾಕ್ಸಿನ್ ನರಗಳಿಗೆ ಏಟು ಕೊಟ್ಟು ಉಸಿರಾಟವನ್ನೇ ನಿಲ್ಲಿಸುತ್ತದೆ. ಆ ನೀರು ಕುಡಿದ ಹಕ್ಕಿಗೂ ನಾಯಿಗೂ ದನಕ್ಕೂ ಅದೇ ಗತಿ.

ಚಿಪ್ಪುಜೀವಿಗಳು ನೀರನ್ನು ಸೋಸುವಾಗ ವಿಷವನ್ನು ಮೈಯಲ್ಲಿ ಕೂಡಿಡುತ್ತವೆ. ಅಮೆರಿಕದ ಮಾಂಟೆರೆ ಕೊಲ್ಲಿಯಲ್ಲಿ ಇಂಥ ಚಿಪ್ಪುಜೀವಿಗಳನ್ನು ತಿನ್ನುವ ಕಡಲ ನೀರುನಾಯಿಗಳು ಸತ್ತದ್ದು ಸಿಹಿನೀರಿನಿಂದ ಹರಿದುಬಂದ ಮೈಕ್ರೊಸಿಸ್ಟಿನ್‌ನಿಂದ ಎಂದು 2010ರಲ್ಲಿ ಸಂಶೋಧಕರು ತೋರಿಸಿದರು. ಕೆರೆಯ ವಿಷ ಕಡಲನ್ನೂ ಮುಟ್ಟಿತ್ತು! ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುತ್ತವೆ. 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅಂಥ ಅತಿಥಿಗಳು ಕುಡಿಯುವ ನೀರನ್ನು ಶುದ್ಧವಾಗಿಡುವುದು ನಮ್ಮ ಪಾಲಿನ ಕೆಲಸ.

ಪಾಚಿ ದಟ್ಟವಾದಾಗ ಕೆರೆಗೆ ಮೈಲುತುತ್ತ ಸುರಿಯುವ ಆತುರ ಬೇಡ. ಜೀವಕೋಶಗಳು ಒಡೆದು ಒಳಗಿನ ವಿಷವೆಲ್ಲ ಒಟ್ಟಿಗೇ ನೀರಿಗೆ ಬಿಡುಗಡೆಯಾಗುತ್ತದೆ, ಕೊಳೆಯುವ ಪಾಚಿ ಉಳಿದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಆ ನೀರನ್ನು ಕುದಿಸಿದರೂ ವಿಷ ಹೋಗುವುದಿಲ್ಲ. ದನಗಳನ್ನು ಬೇರೆ ಕಡೆ ನೀರಿಗೆ ಬಿಡಿ, ಸತ್ತ ಮೀನನ್ನು ತಿನ್ನಬೇಡಿ, ಮಾರಲೂಬೇಡಿ. ಮೀನುಗಾರಿಕೆ ಇಲಾಖೆಗೆ ಸುದ್ದಿ ಮುಟ್ಟಿಸುವಾಗ ಸತ್ತ ಮೀನಿನ ಜೊತೆ ಅದೇ ದಿನದ ಕೆರೆ ನೀರನ್ನೂ ಪರೀಕ್ಷೆ ಮಾಡಿಸಬೇಕೆಂದು ಪಟ್ಟು ಹಿಡಿದು ಕೇಳಿ. ನಮಸ್ಕಾರ.