ಮುಚ್ಚಳದ ಅಂಚಿನ ಒಂದು ಕಿಂಡಿ

ಕೇಳುಗರಿಗೆಲ್ಲ ನಮಸ್ಕಾರ.

ರೇಡಿಯೋವನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಾ ಕೇಳುವವರು ಈಗಲೂ ತುಂಬ ಜನ ಇದ್ದೀರಿ. ಅಂಥವರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಕುಕ್ಕರಿನ ಮುಚ್ಚಳವನ್ನು ಕೈಗೆ ತೆಗೆದುಕೊಳ್ಳಿ. ಒಲೆ ಮೇಲಿರುವುದನ್ನು ಮುಟ್ಟಬೇಡಿ, ತೊಳೆದು ಬೋರಲು ಹಾಕಿರುತ್ತೀರಲ್ಲ, ಅದನ್ನು. ಅದು ಪಾತ್ರೆಯ ಹೊರಗಿನಿಂದ ಕೂರುವ ಮುಚ್ಚಳವಾಗಿದ್ದರೆ, ಅಂಚಿನಲ್ಲಿ ಪಕ್ಕಕ್ಕೆ ಒಂದು ಉದ್ದನೆಯ ಕಿಂಡಿ ಕಾಣುತ್ತದೆ. ಒಳಗಡೆಯಿಂದ ಗ್ಯಾಸ್ಕೆಟ್ ಅದಕ್ಕೆ ಅಡ್ಡ ಕೂತಿರುತ್ತದೆ. ಇಷ್ಟು ವರ್ಷ ದಿನಾ ತೊಳೆದಿದ್ದೇವೆ, ಆದರೆ ಅದು ಯಾಕಿದೆ ಅಂತ ನಮ್ಮಲ್ಲಿ ಬಹಳ ಜನ ಕೇಳಿಕೊಂಡೇ ಇಲ್ಲ, ಅಲ್ವಾ?

ಆ ಕಿಂಡಿಯ ಹಿಂದೆ ಒಂದು ಮನೆತನದ ಕಥೆ ಇದೆ. ಮದ್ರಾಸಿನಲ್ಲಿ ಶುರುವಾಗಿ, ನಮ್ಮ ಬೆಂಗಳೂರಿನ ದೂರವಾಣಿ ನಗರಕ್ಕೆ ಬಂದು, ಪಕ್ಕದ ಹೊಸೂರಿಗೆ ಹರಡಿದ ಕಥೆ. ನಾನು ಯಾರ ಜಾಹೀರಾತನ್ನೂ ಮಾಡಲು ಇಲ್ಲಿ ಕೂತಿಲ್ಲ. ನಮ್ಮ ಮನೆಯ ಬೆಳಗನ್ನೇ ಬದಲಾಯಿಸಿದ ಪಾತ್ರೆ ಎಲ್ಲಿಂದ ಬಂತು ಅಂತ ಹೇಳಬೇಕು ಅನ್ನಿಸಿತು, ಅಷ್ಟೇ.

1928ರಲ್ಲಿ ಮದ್ರಾಸಿನಲ್ಲಿ ಟಿ.ಟಿ. ಕೃಷ್ಣಮಾಚಾರಿ ಅನ್ನುವವರು ಒಂದು ಏಜೆನ್ಸಿ ಶುರುಮಾಡಿದರು. ಅವರು ಸ್ವಂತವಾಗಿ ಏನನ್ನೂ ತಯಾರಿಸುತ್ತಿರಲಿಲ್ಲ. ಸೋಪು, ಹಾರ್ಲಿಕ್ಸ್, ಚಾಕಲೇಟು, ಇಂಕು ಪೆನ್ನು, ಹೀಗೆ ಹೊರದೇಶದ ಕಂಪನಿಗಳ ಸಾಮಾನನ್ನು ನಮ್ಮ ಊರೂರಿನ ಅಂಗಡಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಆಮೇಲೆ ಅವರು ರಾಜಕೀಯಕ್ಕೆ ಹೋದರು. ಸಂವಿಧಾನದ ಕರಡು ಸಮಿತಿಯಲ್ಲಿದ್ದರು, ನೆಹರೂ ಸಂಪುಟದಲ್ಲಿ ವಾಣಿಜ್ಯ ಮಂತ್ರಿಯಾದರು, ಹಣಕಾಸು ಮಂತ್ರಿಯೂ ಆದರು. ವ್ಯಾಪಾರ ಮಕ್ಕಳ ಕೈಗೆ ಬಂತು.

ಇಲ್ಲೇ ನನಗೆ ಈ ಕಥೆಯಲ್ಲಿ ಮೊದಲ ಸಲ ಆಸಕ್ತಿ ಹುಟ್ಟಿದ್ದು. 1950ರ ದಶಕದಲ್ಲಿ ದೇಶದ ಹತ್ತಿರ ವಿದೇಶಿ ಹಣ ಇರಲಿಲ್ಲ. ಹೊರಗಿನಿಂದ ಬರುವ ಸಾಮಾನಿಗೆ ಸರ್ಕಾರ ಬಿಗಿ ಹಾಕಿತು. ಅಪ್ಪ ಆ ಸರ್ಕಾರದಲ್ಲಿ ಮಂತ್ರಿ, ಮನೆಯ ಅನ್ನ ಮಾತ್ರ ಹೊರಗಿನ ಸಾಮಾನಿನಿಂದಲೇ ಬರುತ್ತಿತ್ತು. ತರಿಸಿ ಮಾರುವ ದಾರಿ ಮುಚ್ಚಿಹೋಯಿತು. ಆಗ ಹಿರಿಯ ಮಗ ಟಿ.ಟಿ. ನರಸಿಂಹನ್, ತರಿಸಲು ಆಗದಿದ್ದರೆ ಇಲ್ಲೇ ಮಾಡೋಣ ಅಂತ ಕಾರ್ಖಾನೆಗಳ ಕಡೆ ತಿರುಗಿದರು. 1955ರಲ್ಲಿ ಕಂಪನಿ ನೋಂದಣಿ ಆಯಿತು. ಇಂಗ್ಲೆಂಡಿನಲ್ಲಿ ಪ್ರೆಸ್ಟೀಜ್ ಅನ್ನುವ ಹೆಸರಿನಲ್ಲಿ ಪಾತ್ರೆ ಮಾಡುತ್ತಿದ್ದ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, 1959ರಲ್ಲಿ ಬೆಂಗಳೂರಿನಲ್ಲಿ ಪ್ರೆಷರ್ ಕುಕ್ಕರ್ ತಯಾರಿಸಲು ಶುರುಮಾಡಿದರು. ಅದೇ ಇವತ್ತಿನ ಟಿಟಿಕೆ ಪ್ರೆಸ್ಟೀಜ್.

ದೂರವಾಣಿ ನಗರ ಅಂದರೆ ಹಳೆ ಮದ್ರಾಸ್ ರಸ್ತೆಯಲ್ಲಿ, ಕೆ.ಆರ್. ಪುರಂ ಕಡೆ. ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯಿಂದಲೇ ಆ ಜಾಗಕ್ಕೆ ಆ ಹೆಸರು ಬಂದದ್ದು. ಒಂದು ಕಡೆ ದೇಶಕ್ಕೆಲ್ಲ ಫೋನು, ಅದೇ ಬಡಾವಣೆಯಲ್ಲಿ ದೇಶಕ್ಕೆಲ್ಲ ಕುಕ್ಕರು. ಆ ಕಾಲದ ಬೆಂಗಳೂರಿನ ಈ ಮುಖವನ್ನು ನಾವು ಬೇಗ ಮರೆತಿದ್ದೇವೆ ಅನ್ನಿಸುತ್ತದೆ. ಬೆಂಗಳೂರು ಅಂದರೆ ಈಗ ಕಂಪ್ಯೂಟರ್. ಸೈರನ್ ಕೂಗಿದ ಮೇಲೆ ಡಬ್ಬಿ ಹಿಡಿದು ಗೇಟಿನ ಒಳಗೆ ಹೋಗುತ್ತಿದ್ದ ಜನರ ಊರೂ ಆಗಿತ್ತು ಅದು.

ಕುಕ್ಕರ್ ಹೇಗೆ ಮಾಡುತ್ತಾರೆ ಗೊತ್ತಾ? ಅಲ್ಯೂಮಿನಿಯಂನ ಒಂದು ದುಂಡನೆಯ ಬಿಲ್ಲೆ ಇರುತ್ತದೆ, ದೋಸೆ ಹಂಚಿನ ಹಾಗೆ ಚಪ್ಪಟೆ. ಅದನ್ನು ದೊಡ್ಡ ಪ್ರೆಸ್ಸಿನ ಅಚ್ಚಿನಲ್ಲಿಟ್ಟು ಒತ್ತಿದರೆ ಅದು ಹಾಗೇ ಕೆಳಗಿಳಿದು ಪಾತ್ರೆಯ ಆಕಾರಕ್ಕೆ ಬರುತ್ತದೆ. ಪಾತ್ರೆಗೆ ಎಲ್ಲೂ ಬೆಸುಗೆ ಇಲ್ಲ, ಕೂಡುವ ಗೆರೆ ಇಲ್ಲ. ಒಳಗಿನ ಹಬೆ ಎಲ್ಲ ಕಡೆಗೂ ತಳ್ಳುವಾಗ ಅದು ತಡೆಯಬೇಕು, ಅದಕ್ಕೇ ಹೀಗೆ.

ಆ ಹಬೆ ಮಾಡುವ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಸ್ಕೂಲಿನಲ್ಲಿ ಓದಿದ್ದೇವೆ. ಅದು ಸಮುದ್ರದ ಮಟ್ಟದಲ್ಲಿ, ಮಂಗಳೂರಿನಲ್ಲಿ ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯಲು ಶುರುವಾಗುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಮ್ಮಿ. ಕುದಿಯುವ ನೀರು ಅದಕ್ಕಿಂತ ಬಿಸಿ ಆಗುವುದಿಲ್ಲ, ಬೆಂಕಿ ಎಷ್ಟು ಜಾಸ್ತಿ ಮಾಡಿದರೂ ಅಷ್ಟೇ. ತೊಗರಿಬೇಳೆ, ಹುರುಳಿ, ಕಡಲೆ ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯುವುದು ಇದಕ್ಕೇ. ಕುಕ್ಕರಿನಲ್ಲಿ ಹಬೆಯನ್ನು ಕಟ್ಟಿಹಾಕುವುದರಿಂದ ನೀರು ಸುಮಾರು 120 ಡಿಗ್ರಿ ತನಕ ಏರುತ್ತದೆ. ಇಪ್ಪತ್ತು ಡಿಗ್ರಿಯ ವ್ಯತ್ಯಾಸ ಕೇಳಲು ಸಣ್ಣದು. ಆದರೆ ಸೌದೆ ಒಲೆಯ ಮುಂದೆ ಕೂತು, ಊದುಕೊಳವೆ ಊದಿ ಊದಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಬೇಳೆಯನ್ನು ಎರಡು ಬೆರಳಲ್ಲಿ ಹಿಸುಕಿ "ಇನ್ನೂ ಬೆಂದಿಲ್ಲ" ಅಂತ ಮತ್ತೆ ಸೌದೆ ತಳ್ಳಿದ ಹೆಂಗಸರಿಗೆ ಅದು ದಿನಕ್ಕೆ ಒಂದೆರಡು ಗಂಟೆಯ ಆಯಸ್ಸು.

ನಮ್ಮ ಅಜ್ಜಿ ಮಾತ್ರ ಅದನ್ನು ಬಹಳ ದಿನ ನಂಬಲಿಲ್ಲ. ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. "ಅದು ಸಿಟ್ಟು ಮಾಡ್ಕೊಂಡಿದೆ ಕಣೇ, ಹತ್ರ ಹೋಗಬೇಡ" ಅಂತ ಅಮ್ಮನಿಗೆ ಹೇಳುತ್ತಿದ್ದರು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ, ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು, ಮುಚ್ಚಳದ ವಿಷಯ. ಬೆಂಗಳೂರಿನಲ್ಲಿ ಪ್ರೆಸ್ಟೀಜ್ ಶುರುವಾದ ಅದೇ 1959ರಲ್ಲಿ ಬೊಂಬಾಯಿಯಲ್ಲಿ ಎಚ್.ಡಿ. ವಾಸುದೇವ ಅವರು ಹಾಕಿನ್ಸ್ ಕಂಪನಿ ಶುರುಮಾಡಿದರು. ಅದೂ ಒಂದು ಮನೆತನದ ಕಂಪನಿಯೇ. ಹಾಕಿನ್ಸಿನ ಮುಚ್ಚಳ ಪಾತ್ರೆಯ ಒಳಗಿನಿಂದ ಕೂರುತ್ತದೆ, ಪ್ರೆಸ್ಟೀಜಿನದು ಹೊರಗಿನಿಂದ. ಉತ್ತರದ ಮನೆಗಳಲ್ಲಿ ರಾಜ್ಮಾ, ದಾಲ್ ಎಲ್ಲ ಕುಕ್ಕರಿಗೇ ನೇರವಾಗಿ ಹಾಕಿ ಬೇಯಿಸುತ್ತಾರೆ, ಅವರಿಗೆ ಒಳಮುಚ್ಚಳ ಸರಿಹೋಯಿತು. ನಮ್ಮದು ಬೇರೆ ಲೆಕ್ಕ. ತಳದಲ್ಲಿ ಸ್ವಲ್ಪ ನೀರು, ಅದರ ಮೇಲೆ ಒಂದು ಡಬ್ಬಿಯಲ್ಲಿ ಬೇಳೆ, ಇನ್ನೊಂದರಲ್ಲಿ ಅಕ್ಕಿ, ಮೇಲಿನದರಲ್ಲಿ ತರಕಾರಿ. ಒಂದೇ ಬೆಂಕಿಯಲ್ಲಿ ಸಾರಿಗೂ ಅನ್ನಕ್ಕೂ ಪಲ್ಯಕ್ಕೂ ಆಗಬೇಕು. ಡಬ್ಬಿಗಳನ್ನು ಇಳಿಸಿ ಎತ್ತಲು ಪಾತ್ರೆಯ ಬಾಯಿ ಪೂರ್ತಿ ತೆರೆದಿರಬೇಕು, ಹೊರಮುಚ್ಚಳದಲ್ಲೇ ಅದು ಸುಲಭ. ಹಾಗಾಗಿ ದಕ್ಷಿಣದ ಅಡುಗೆಮನೆಗಳು ಈ ಕಂಪನಿಯನ್ನು ಹಿಡಿದುಕೊಂಡವು. ಈಗ ಪ್ರೆಸ್ಟೀಜಿನವರು ಎರಡು ಬಗೆಯ ಮುಚ್ಚಳವನ್ನೂ ಮಾಡುತ್ತಾರೆ.

ಈಗ ಮೂರನೆಯ ತಲೆಮಾರು. ನರಸಿಂಹನ್ ಅವರ ಮಗ ಟಿ.ಟಿ. ಜಗನ್ನಾಥನ್. ಮದ್ರಾಸ್ ಐಐಟಿಯಲ್ಲಿ ಚಿನ್ನದ ಪದಕ ಪಡೆದವರು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮುಂದೆ ಓದುತ್ತಿದ್ದರು. ವ್ಯಾಪಾರಕ್ಕೆ ಬರುವ ಮನಸ್ಸೇ ಇರಲಿಲ್ಲ. ಆದರೆ 1972ರ ಹೊತ್ತಿಗೆ ಮನೆಯ ಕಂಪನಿಗಳೆಲ್ಲ ಸಾಲದಲ್ಲಿ ಮುಳುಗಿದ್ದವು. ಓದು ಬಿಟ್ಟು ವಾಪಸ್ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಸಾಲ ತೀರಿಸುವುದಕ್ಕೇ ಬಹಳ ವರ್ಷ ಹಿಡಿಯಿತು, ಅದನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಕುಕ್ಕರ್ ಸಿಡಿದ ಕಥೆ. ಉತ್ತರ ಭಾರತದಿಂದ ದೂರು ಬರಲು ಶುರುವಾಯಿತು. ಮನೆಗಳಲ್ಲಿ ಕುಕ್ಕರ್ ಸಿಡಿಯುತ್ತಿವೆ ಅಂತ. ಜಗನ್ನಾಥನ್ ತಾವೇ ಅಲ್ಲಿಗೆ ಹೋಗಿ ಅಂಗಡಿಗಳಲ್ಲಿ ನಿಂತು ನೋಡಿದರು.

ಮುಚ್ಚಳದ ಮೇಲೆ ಸಣ್ಣ ಗುಂಡಿಯ ಥರ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದರ ನಡುವೆ ಬೇಗ ಕರಗುವ ಒಂದು ಲೋಹ ಇರುತ್ತದೆ. ವೆಯ್ಟ್ ಕೂರುವ ತೂತಿಗೆ ಬೇಳೆ ಸಿಕ್ಕಿಕೊಂಡರೆ, ಅಥವಾ ನೀರು ಪೂರ್ತಿ ಇಂಗಿದರೆ, ಬಿಸಿ ಮಿತಿ ಮೀರುತ್ತದೆ. ಆಗ ಆ ಲೋಹ ಕರಗಿ, ತೂತಾಗಿ, ಹಬೆ ಹೊರಗೆ ಹೋಗಬೇಕು. ಒಂದು ಸಲ ಕರಗಿದ ಮೇಲೆ ಹೊಸದು ಹಾಕಿಸಬೇಕು. ಹಾಗೆ ಹಾಕಿಸಲು ಹೋದಾಗ ಅಂಗಡಿಗಳಲ್ಲಿ ಕಮ್ಮಿ ಬೆಲೆಯ ನಕಲಿ ವಾಲ್ವ್ ಕೊಡುತ್ತಿದ್ದರು. ನೋಡಲು ಒಂದೇ ಥರ. ಆದರೆ ಅದು ಕರಗಬೇಕಾದಾಗ ಕರಗುತ್ತಿರಲಿಲ್ಲ.

ಅಲ್ಲಿಗೆ ಕಂಪನಿ ಕೈ ತೊಳೆದುಕೊಳ್ಳಬಹುದಿತ್ತು. ತಪ್ಪು ನಮ್ಮದಲ್ಲ, ಅಸಲಿ ಭಾಗವನ್ನೇ ಕೊಳ್ಳಿ ಅಂತ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಜನ ನಕಲಿ ಭಾಗ ಹಾಕೇ ಹಾಕುತ್ತಾರೆ, ಹಾಕಿದರೂ ಕುಕ್ಕರ್ ಸಿಡಿಯಬಾರದು, ಹಾಗೆ ಏನು ಮಾಡಬಹುದು ಅಂತ ಯೋಚಿಸಿದರು. ಉತ್ತರ ಬಹಳ ಸರಳ. ಮುಚ್ಚಳದ ಅಂಚಿನಲ್ಲಿ ಒಂದು ಕಿಂಡಿ ಕೊರೆಯುವುದು. ವೆಯ್ಟ್ ಕೈಕೊಟ್ಟು, ವಾಲ್ವೂ ಕೈಕೊಟ್ಟರೆ, ಒತ್ತಡ ಏರಿ ಏರಿ ಗ್ಯಾಸ್ಕೆಟ್ಟನ್ನು ಆ ಕಿಂಡಿಯಿಂದ ಹೊರಗೆ ತಳ್ಳುತ್ತದೆ. ರಬ್ಬರ್ ಉಬ್ಬಿ ಹೊರಗೆ ಬರುತ್ತದೆ, ಜಾಗ ಬಿಡುತ್ತದೆ, ಹಬೆ ಪಕ್ಕಕ್ಕೆ, ಕೆಳಮುಖವಾಗಿ ಹೋಗಿಬಿಡುತ್ತದೆ. ಅಡುಗೆಮನೆ ಕೊಳೆಯಾಗಬಹುದು, ಮುಚ್ಚಳ ಹಾರಿ ಯಾರ ಮುಖಕ್ಕೂ ಬೀಳುವುದಿಲ್ಲ. ಇದಕ್ಕೆ ಗ್ಯಾಸ್ಕೆಟ್ ರಿಲೀಸ್ ಸಿಸ್ಟಂ ಅಂತ ಹೆಸರು. ಇವತ್ತು ಯಾವ ಕಂಪನಿಯ ಹೊರಮುಚ್ಚಳದ ಕುಕ್ಕರ್ ತೆಗೆದುಕೊಂಡರೂ ಸಾಮಾನ್ಯವಾಗಿ ಈ ಕಿಂಡಿ ಇರುತ್ತದೆ.

ಈ ಕಂಪನಿ ಮಾಡಿದ್ದೆಲ್ಲ ನನಗೆ ಇಷ್ಟ ಅಂತ ಅಲ್ಲ. ಹೆಂಡತಿಯನ್ನು ಪ್ರೀತಿಸುವ ಗಂಡ ಈ ಕುಕ್ಕರನ್ನು ಬೇಡ ಅನ್ನಲಾರ ಅನ್ನುವ ಅರ್ಥದ ಅವರ ಹಿಂದಿ ಜಾಹೀರಾತು ದೇಶಕ್ಕೆಲ್ಲ ಬಾಯಿಪಾಠವಾಗಿತ್ತು. ಬೇಯಿಸುವುದು ಹೆಂಡತಿ, ಕೊಂಡು ತರುವುದು ಗಂಡ ಅಂತ ಮೊದಲೇ ಬರೆದಿಟ್ಟ ಹಾಗೆ ಇತ್ತು ಅದು. ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೆ ಹಬ್ಬದ ಸಮಯದಲ್ಲಿ ಹಳೆ ಕುಕ್ಕರ್ ಕೊಟ್ಟು ಹೊಸದು ತೆಗೆದುಕೊಳ್ಳಿ ಅಂದಾಗ, ತಳ ಉಬ್ಬಿದ, ಹಿಡಿ ಸುಟ್ಟ ಕುಕ್ಕರುಗಳು ಎಷ್ಟೋ ಮನೆಗಳಿಂದ ಹೊರಗೆ ಹೋದವು. ಅದು ಒಳ್ಳೆಯದೇ ಆಯಿತು.

ಆಮೇಲೆ ನಾನ್‌ಸ್ಟಿಕ್ ತವಾ, ಗ್ಯಾಸ್ ಸ್ಟವ್, ಮಿಕ್ಸಿ, ಇಂಡಕ್ಷನ್ ಒಲೆ, ಅಂಗಡಿಯ ಸಾಲು, ಎಲ್ಲ ಬಂತು. ಹೊಸೂರಿನ ಜೊತೆಗೆ ಕೊಯಮತ್ತೂರು, ರೂರ್ಕಿ, ಗುಜರಾತಿನ ಕರ್ಜನ್, ಹೀಗೆ ಬೇರೆ ಕಡೆಯೂ ಕಾರ್ಖಾನೆಗಳಾದವು. 2016ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಹಾರ್ವುಡ್ ಅನ್ನುವ ಪಾತ್ರೆ ಕಂಪನಿಯನ್ನು ಇವರೇ ಕೊಂಡರು. ಇಂಗ್ಲೆಂಡಿನವರ ಹತ್ತಿರ ಕುಕ್ಕರ್ ಮಾಡುವುದನ್ನು ಕಲಿತ ಮನೆಯವರು, ಅರವತ್ತು ವರ್ಷ ಕಳೆಯುವ ಮೊದಲೇ ಅಲ್ಲೇ ಹೋಗಿ ಪಾತ್ರೆಯ ಕಂಪನಿ ಕೊಂಡರು! ಇದನ್ನು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ ಅನ್ನಿಸುತ್ತದೆ.

ಜಗನ್ನಾಥನ್ ಅವರು 2025ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಪತ್ರಿಕೆಗಳು ಅವರನ್ನು ದೊಡ್ಡ ಉದ್ಯಮಿ ಅಂತ ಬರೆದವು. ನನಗೆ ನೆನಪಾದದ್ದು ಬಾಗಿಲ ಹತ್ತಿರ ನಿಂತ ನಮ್ಮ ಅಜ್ಜಿ. ಆ ಕಿಂಡಿ ಇರುವ ಕುಕ್ಕರ್ ಮನೆಗೆ ಬಂದ ಮೇಲೂ ಅವರು ಬಾಗಿಲ ಹತ್ತಿರ ನಿಲ್ಲುವುದನ್ನು ಬಿಡಲಿಲ್ಲ. ಅಮ್ಮ ಮಾತ್ರ ಒಳಗೆ, ಒಲೆಯ ಪಕ್ಕದಲ್ಲೇ ಕೂತು ತೆಂಗಿನಕಾಯಿ ತುರಿಯುತ್ತಿದ್ದರು.

ಮುಚ್ಚಳ ಇನ್ನೂ ನಿಮ್ಮ ಕೈಯಲ್ಲೇ ಇದ್ದರೆ ಗ್ಯಾಸ್ಕೆಟ್ ತೆಗೆದು ಸ್ವಲ್ಪ ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಈ ವಾರವೇ ಹೊಸದು ತನ್ನಿ, ನಿಮ್ಮ ಕುಕ್ಕರಿನ ಕಂಪನಿಯದ್ದನ್ನೇ ಕೇಳಿ ತನ್ನಿ. ವೆಯ್ಟ್ ಕೂರುವ ನಳಿಗೆಯ ತೂತನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಾಣಬೇಕು. ಕಿಂಡಿಯಲ್ಲಿ ಹಳೆ ಬೇಳೆ ಒಣಗಿ ಕೂತಿದ್ದರೆ ಉಜ್ಜಿ ತೆಗೆದುಬಿಡಿ.

ನಮಸ್ಕಾರ.