ಹಿರಿಯರ ಸ್ನಾನಕ್ಕೆ ವಾಕ್-ಇನ್ ಟಬ್: ನಮ್ಮ ಮನೆಗಳಿಗೆ ಎಷ್ಟು ಹೊಂದುತ್ತದೆ?

ವೇದಿಕೆಯ ಮೇಲಿರುವ ಹಿರಿಯರಿಗೂ ಸಭೆಯಲ್ಲಿರುವ ತಮ್ಮೆಲ್ಲರಿಗೂ ನಮಸ್ಕಾರ.

ಮೊಣಕಾಲು ಬಾಗದವರಿಗೆ, ಪಾರ್ಶ್ವವಾಯುವಿನಿಂದ ಒಂದು ಪಕ್ಕ ಸೋತವರಿಗೆ, ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ತಡವರಿಸುವವರಿಗೆ ಬಾಗಿಲಿರುವ ಸ್ನಾನದ ತೊಟ್ಟಿಯನ್ನು, ಅಂದರೆ ವಾಕ್-ಇನ್ ಟಬ್ಬನ್ನು, ಹಾಕಿಸಬಹುದೇ ಎಂದು ಈಚೆಗೆ ಬೆಂಗಳೂರು, ಮೈಸೂರಿನ ಕೆಲವು ಮನೆಗಳವರು ಕೇಳುತ್ತಿದ್ದಾರೆ. ಹೊರದೇಶದಲ್ಲಿರುವ ಮಕ್ಕಳು ಜಾಹೀರಾತು ನೋಡಿ, ದುಡ್ಡು ಕಳಿಸುತ್ತೇವೆ, ಹಾಕಿಸಿಬಿಡಿ ಎನ್ನುವುದೂ ಉಂಟು. ಕಟ್ಟಡದ ಕೆಲಸದಲ್ಲಿರುವ ನಾನು ಅವರನ್ನು ಮೊದಲು ಕೇಳುವುದು ಟಬ್ಬಿನ ಬೆಲೆಯನ್ನಲ್ಲ. ಆ ಹಿರಿಯರು ಈಗ ಸ್ನಾನ ಮಾಡುವಾಗ ಯಾವ ಹಂತದಲ್ಲಿ ತೊಡಕುಪಡುತ್ತಾರೆ ಎಂಬುದನ್ನು.

ಈ ಟಬ್ ಹೆಚ್ಚು ಬಳಕೆಗೆ ಬಂದಿರುವುದು ಅಮೆರಿಕದಂಥ ದೇಶಗಳಲ್ಲಿ. ಅಲ್ಲಿಯ ಸಾಮಾನ್ಯ ಮನೆಗಳಲ್ಲಿ ಷವರ್ ಕೂಡ ಟಬ್ಬಿನೊಳಗೇ ಇರುತ್ತದೆ, ಆ ಟಬ್ಬಿನ ಅಂಚು ನೆಲದಿಂದ ಸುಮಾರು 35ರಿಂದ 50 ಸೆಂಟಿಮೀಟರ್ ಎತ್ತರವಿರುತ್ತದೆ. ಸ್ನಾನ ಮಾಡಬೇಕೆಂದರೆ ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಅಷ್ಟೆತ್ತರ ಎತ್ತಿ, ನುಣುಪಾದ ಒದ್ದೆ ತಳದ ಮೇಲೆ ಊರಬೇಕು. ಪಕ್ಕದಲ್ಲಿ ಬಾಗಿಲಿಟ್ಟು ಆ ಅಂಚನ್ನು 8ರಿಂದ 18 ಸೆಂಟಿಮೀಟರಿಗೆ ಇಳಿಸಿ, ಒಳಗೆ ಕುರ್ಚಿಯೆತ್ತರದ ಆಸನ ಕೊಟ್ಟಿರುವುದೇ ವಾಕ್-ಇನ್ ಟಬ್. ನಮ್ಮ ಬಚ್ಚಲುಮನೆಗಳಲ್ಲಿ ದಾಟಲು ಅಂಥ ಗೋಡೆಯೇ ಇಲ್ಲ. ನಮ್ಮವರು ಬೀಳುವುದು ಗೇಣೆತ್ತರದ ಮಣೆಯ ಮೇಲಿಂದ ಏಳುವಾಗ, ತುಂಬಿದ ಬಕೆಟ್ ಎಳೆಯುವಾಗ, ಸೋಪಿನ ನೀರು ನಿಂತ ಟೈಲಿನ ಮೇಲೆ ತಿರುಗುವಾಗ, ಹೊಸ್ತಿಲು ಎಡವಿದಾಗ. ಹೀಗಾಗಿ ಟಬ್ ತಂದಿಟ್ಟ ಮಾತ್ರಕ್ಕೆ ನಮ್ಮ ಅಪಾಯ ಕಡಿಮೆಯಾಗುತ್ತದೆಂದು ಹೇಳಲಾಗದು. ಇರುವುದರ ಜೊತೆಗೆ ಇನ್ನೊಂದು ಹೊಸ್ತಿಲನ್ನು ತಂದಂತೆಯೂ ಆಗಬಹುದು.

ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ತಂದೆತಾಯಿಯರ ವಿಷಯ ಬೇರೆ. ಅವರಿಗೆ ಆ ಎತ್ತರದ ಅಂಚು ನಿಜವಾದ ಅಡ್ಡಿ. ಆದರೆ ಅಷ್ಟು ದಿನಕ್ಕಾಗಿ ಟಬ್ ಬದಲಿಸುವ ಬದಲು, ಎರಡು ಕಾಲು ಟಬ್ಬಿನೊಳಗೂ ಎರಡು ಹೊರಗೂ ಊರುವ ಉದ್ದನೆಯ ಬೆಂಚು ಸಾಕು. ಹೊರಗೆ ಕುಳಿತು, ಜರುಗಿ, ಒಂದೊಂದೇ ಕಾಲನ್ನು ಒಳಗೆ ತಂದುಕೊಳ್ಳಬಹುದು. ಅಲ್ಲಿಯೇ ನೆಲೆಸಿದವರು ತಿಳಿದಿರಬೇಕಾದ ಮಾತೊಂದಿದೆ: ಅಲ್ಲಿಯ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ, ಅಂದರೆ ಮೂಲ ಮೆಡಿಕೇರ್, ಈ ಟಬ್ಬನ್ನು ಸಾಮಾನ್ಯವಾಗಿ ವೈದ್ಯಕೀಯ ಉಪಕರಣವೆಂದು ಪರಿಗಣಿಸುವುದಿಲ್ಲ, ಆದ್ದರಿಂದ ಖರ್ಚು ಬಹುತೇಕ ಕೈಯಿಂದಲೇ.

ಇನ್ನು ಟಬ್ಬಿನೊಳಗಿನ ಸ್ನಾನ ಹೇಗೆ ನಡೆಯುತ್ತದೆಂದು ನೋಡೋಣ. ಬಾಗಿಲು ತೆರೆದಿರುವಾಗ ನೀರು ತುಂಬಲಾಗದು. ಆದ್ದರಿಂದ ಹಿರಿಯರು ಮೊದಲು ಬಟ್ಟೆ ಕಳಚಿ ಖಾಲಿ ಟಬ್ಬಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ಆಮೇಲೆ ನಲ್ಲಿ ತಿರುಗಿಸಬೇಕು. ಕುಳಿತವರ ಎದೆಮಟ್ಟ ಬರಲು 180 ಲೀಟರ್ ನೀರು ಬೇಕೆಂದಿಟ್ಟುಕೊಳ್ಳಿ. ತಾರಸಿಯ ಟ್ಯಾಂಕಿನಿಂದ, ಅದೂ ಮೇಲಿನ ಮಹಡಿಗೆ, ನಿಮಿಷಕ್ಕೆ ಹತ್ತು ಲೀಟರ್ ಬಂದರೆ ಹದಿನೆಂಟು ನಿಮಿಷ. ಡಿಸೆಂಬರಿನ ಬೆಳಗ್ಗೆ ಎಂಬತ್ತರ ಅಜ್ಜಿ ಅಷ್ಟು ಹೊತ್ತು ಬರಿಮೈಯಲ್ಲಿ, ನೀರು ಪಾದದಿಂದ ಮೊಣಕಾಲಿಗೇರುವುದನ್ನು ನೋಡುತ್ತ ಕುಳಿತಿರಬೇಕು. ಸ್ನಾನವಾದ ಮೇಲೆಯೂ ನೀರು ಪೂರ್ತಿ ಇಳಿಯುವವರೆಗೆ ಬಾಗಿಲು ತೆರೆಯುವಂತಿಲ್ಲ. ಭುಜಕ್ಕೆ ಒಣ ಟವೆಲ್ ಹೊದೆಸುವವರು ಪಕ್ಕದಲ್ಲಿರದೆ ಇದು ಆಗುವ ಕೆಲಸವಲ್ಲ.

ಬಿಸಿನೀರಿನ ಲೆಕ್ಕ ಇನ್ನೂ ಬಿಗಿ. 25 ಡಿಗ್ರಿಯ ನೀರು 40 ಡಿಗ್ರಿಗೆ ಬರಬೇಕಾದರೆ ಆ 180 ಲೀಟರಿನಲ್ಲಿ ಹೆಚ್ಚುಕಡಿಮೆ 77 ಲೀಟರ್ 60 ಡಿಗ್ರಿಯ ಬಿಸಿನೀರಿರಬೇಕು. ನಮ್ಮ ಮನೆಗಳ ಗೀಸರ್ 15 ಲೀಟರಿನದು, ದೊಡ್ಡದೆಂದರೆ 25. ಎರಡು ಕಿಲೋವಾಟ್ ಗೀಸರ್ ಅಷ್ಟು ಶಾಖ ಕೊಡಲು ಒಂದೂವರೆ ಗಂಟೆಗೂ ಮೇಲೆ ಉರಿಯಬೇಕು. ತಾರಸಿಯಲ್ಲಿ 200 ಲೀಟರಿನ ಸೋಲಾರ್ ಇದ್ದವರಿಗೆ ಈ ಚಿಂತೆಯಿಲ್ಲ, ಮೋಡ ಕವಿದ ದಿನಗಳನ್ನು ಬಿಟ್ಟರೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದ ಬೆಂಗಳೂರಿನಂಥ ಊರಿನಲ್ಲಿ, ಒಬ್ಬರ ಒಂದು ಸ್ನಾನಕ್ಕೆ ಹತ್ತು ಬಕೆಟ್ ನೀರು ಬೇಕೆಂಬುದನ್ನೂ ಮನೆಯವರು ಯೋಚಿಸಬೇಕು.

ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂಬುದನ್ನು ಅಂಗಡಿಯವರು ಬಣ್ಣದ ಆಯ್ಕೆಯ ಹಾಗೆ ಕೇಳುತ್ತಾರೆ. ಒಳಕ್ಕೆ ತೆರೆಯುವ ಬಾಗಿಲನ್ನು ನೀರಿನ ಒತ್ತಡವೇ ಬಿಗಿಯಾಗಿ ಮುಚ್ಚುವುದರಿಂದ ಸೋರಿಕೆ ಕಡಿಮೆ. ಆದರೆ ಒಳಗಿದ್ದವರು ತಲೆಸುತ್ತಿ ಜಾರಿ ಕುಸಿದರೆ ಅವರ ಕಾಲೇ ಬಾಗಿಲಿಗೆ ಅಡ್ಡವಾಗುತ್ತದೆ. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದೊಡನೆ ಒತ್ತಡ ಇಳಿಯುವುದು ಅಪರೂಪವಲ್ಲ, ಆದ್ದರಿಂದ ಇದು ಬರಿಯ ಊಹೆಯ ಭಯವಲ್ಲ. ನನ್ನ ಅಭಿಪ್ರಾಯದಲ್ಲಿ, ಸ್ನಾನದ ಹೊತ್ತಿನಲ್ಲಿ ನೆರವಿಗೆ ಒಬ್ಬರಿರುವ ಮನೆಗೆ ಹೊರಕ್ಕೆ ತೆರೆಯುವ ಬಾಗಿಲೇ ಸರಿ. ಅದರ ಅಗುಳಿ ಗಟ್ಟಿಯಾಗಿರಬೇಕು. ಬಚ್ಚಲುಮನೆಯ ಬಾಗಿಲಿಗೂ ಇದೇ ಮಾತು ಅನ್ವಯಿಸುತ್ತದೆ: ಅದು ಹೊರಕ್ಕೆ ತೆರೆಯಬೇಕು, ಒಳಗಿನ ಚಿಲಕವನ್ನು ಹೊರಗಿನಿಂದಲೂ ಬಿಡಿಸುವಂತಿರಬೇಕು.

ತೂಕದ ವಿಷಯಕ್ಕೆ ಬರುತ್ತೇನೆ. ನೀರು 180 ಕೆಜಿ, ಟಬ್ ಸುಮಾರು 90, ಮನುಷ್ಯ 70. ಒಟ್ಟು 340 ಕೆಜಿ ಒಂದು ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗದ ಮೇಲೆ ಕೂರುತ್ತದೆ. ವಾಸದ ಮನೆಗಳ ಬಚ್ಚಲಿಗೆ, ಕಟ್ಟಡ ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕವಾದ ಐಎಸ್ 875 ಸಂಹಿತೆ ಹಿಡಿದಿರುವ ಭಾರ ಚದರ ಮೀಟರಿಗೆ ಸರಿಸುಮಾರು 200 ಕೆಜಿ. ಹಾಗೆಂದು ಆರ್‌ಸಿಸಿ ಚಾವಣಿ ಕುಸಿಯುತ್ತದೆಂದಲ್ಲ, ಭಾರ ಕೋಣೆಯಗಲಕ್ಕೆ ಹಂಚಿಕೊಳ್ಳುತ್ತದೆ. ಆದರೆ ಮಲ್ಲೇಶ್ವರ, ಬಸವನಗುಡಿಯ ಮದ್ರಾಸ್ ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಸಿದ ಹಳೆಯ ಮನೆಗಳ ಮಹಡಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಇಡಿಸಬಾರದು. ಅದಕ್ಕೂ ಮೊದಲು ಟೇಪು ಹಿಡಿಯಿರಿ: ಎರಡೂವರೆ ಅಡಿಯ ಬಚ್ಚಲ ಬಾಗಿಲಿನಲ್ಲಿ ಚೌಕಟ್ಟು ಕಳೆದರೆ ಉಳಿಯುವುದು 65 ಸೆಂಟಿಮೀಟರಿನಷ್ಟು, ಮುಕ್ಕಾಲು ಮೀಟರ್ ಅಗಲದ ಟಬ್ ಅದರೊಳಗೆ ನೇರವಾಗಿ ಹೋಗುವುದಿಲ್ಲ.

ಎಣ್ಣೆಸ್ನಾನದ ಬಗ್ಗೆ ಈ ಟಬ್ ತಯಾರಿಸಿದವರು ಯೋಚಿಸಿದಂತಿಲ್ಲ. ಹರಳೆಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಬಾಗಿಲಿನ ರಬ್ಬರ್ ಅಂಚಿನಲ್ಲೂ ಗುಳ್ಳೆ ಎಬ್ಬಿಸುವ ಜೆಟ್‌ಗಳ ತೂತುಗಳಲ್ಲೂ ಕೂರುತ್ತವೆ, ತಳ ಜಾರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಅದರ ಮೇಲೆ ಸುಣ್ಣದ ಬಿಳಿ ಪದರ ಬೇರೆ. ನರಕ ಚತುರ್ದಶಿಯ ಅಭ್ಯಂಜನ ಬಿಡಲಾರದವರು ಈ ಒಂದು ಕಾರಣಕ್ಕೇ ಬೇರೆ ದಾರಿ ನೋಡಬಹುದು.

ಆ ಬೇರೆ ದಾರಿ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ, ಅಗ್ಗವೂ ಹೌದು. ಹೊಸ್ತಿಲು ತೆಗೆದು, ಒರಟು ಮೈಯ ಟೈಲ್ ಹಾಕಿ, ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟು, 45 ಸೆಂಟಿಮೀಟರ್ ಎತ್ತರದ, ಕೈಯಿರುವ ಸ್ನಾನದ ಕುರ್ಚಿಯಿಟ್ಟು, ಕುಳಿತಲ್ಲಿಗೆ ಎಟುಕುವ ಹ್ಯಾಂಡ್ ಷವರ್ ಜೋಡಿಸುವುದು. ನೀರಿನ ಬಿಸಿಯನ್ನು 40 ಡಿಗ್ರಿಗೆ ತಡೆಯುವ ಥರ್ಮೋಸ್ಟಾಟಿಕ್ ನಲ್ಲಿ ಇರಲೇಬೇಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಹಿಡಿಕಂಬಿಯ ಜಾಗದಲ್ಲಿ ಟವೆಲ್ ರಾಡನ್ನು ನಂಬಬೇಡಿ. ಹಿಡಿಕಂಬಿ 110 ಕೆಜಿಯನ್ನಾದರೂ ತಾಳಬೇಕು. ಇಟ್ಟಿಗೆ ಗೋಡೆಗೆ ಆ್ಯಂಕರ್ ಬೋಲ್ಟ್ ಸಾಕು. ಹಾಲೋ ಬ್ಲಾಕ್ ಗೋಡೆಯಾದರೆ ಒಳಗೆ ಟೊಳ್ಳು, ಬೋಲ್ಟಿಗೆ ಹಿಡಿತ ಸಿಗದು, ಆಚೆ ಬದಿಗೆ ತಟ್ಟೆಯಿಟ್ಟು ಗೋಡೆಯನ್ನು ಹಾಯ್ದುಹೋಗುವ ಬೋಲ್ಟ್ ಹಾಕಬೇಕಾಗುತ್ತದೆ.

ಹಾಗಾದರೆ ಟಬ್ ಯಾರಿಗೂ ಬೇಡವೇ? ನೆಲಮಹಡಿಯಲ್ಲಿ ಸ್ವಂತ ಮನೆ, ಸಾಕಷ್ಟು ಸೋಲಾರ್ ನೀರು, ಸ್ವಲ್ಪವಾದರೂ ಹೆಜ್ಜೆಯೆತ್ತುವ ಶಕ್ತಿ, ಬಿಸಿನೀರಿನಲ್ಲಿ ಮುಳುಗಿ ಕುಳಿತರೆ ಹಗುರಾಗುವ ಸಂಧಿನೋವು, ಜೊತೆಗೆ ನೋಡಿಕೊಳ್ಳುವವರು ಒಬ್ಬರು: ಇವಿಷ್ಟೂ ಕೂಡಿದವರಿಗೆ ಅದು ನಿಜವಾದ ಸುಖ. ಅಂಥವರು ವೈದ್ಯರನ್ನು ಕೇಳಿ, ಅಂಗಡಿಯಲ್ಲಿ ಬಟ್ಟೆಯುಟ್ಟೇ ಖಾಲಿ ಟಬ್ಬಿನೊಳಗೆ ಹೋಗಿ ಕುಳಿತು ಎದ್ದು ಬರಲಿ. ಬಾಗಿಲಿನ ರಬ್ಬರ್ ಇಲ್ಲಿಯೇ ಬಿಡಿಯಾಗಿ ಸಿಗುತ್ತದೆಂದು ಬರವಣಿಗೆಯಲ್ಲಿ ಪಡೆಯಲಿ. ಜೆಟ್ ಮೋಟಾರಿದ್ದರೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್, ಸರಿಯಾದ ಅರ್ಥಿಂಗ್ ಇರಲಿ. ಕೊನೆಯ ಕಂತಿನ ಹಣ ಕೊಡುವ ಮುನ್ನ ಟಬ್ಬನ್ನು ಅಂಚಿನವರೆಗೆ ತುಂಬಿಸಿ, ಬಾಗಿಲ ಬುಡಕ್ಕೆ ಒಣ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಮ್ಮೆಲೇ ನೀರು ಬಿಟ್ಟು, ನೆಲದ ಜಾಲರಿಯಿಂದ ನೀರು ಮೇಲೆ ಉಕ್ಕುತ್ತದೆಯೇ ನೋಡಿ. ಉಕ್ಕಿದರೆ ಕೊಳವೆ ಸಾಲದೆಂದು ಅರ್ಥ; ಅದನ್ನು ಬದಲಿಸುವ ಖರ್ಚು ಯಾರದೆಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿರಬೇಕು.