ಠಾಣೆಯಲ್ಲಿ ಒಪ್ಪಿಕೊಂಡ ಮಾತು

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕೋರ್ಟಿನಲ್ಲಿ ದಿನಾ ಓಡಾಡುವ ವಕೀಲ. ಇವತ್ತು ಕಾನೂನು ಓದುವ ಮಕ್ಕಳು ಜಾಸ್ತಿ ಬಂದಿದ್ದೀರಿ. ಬ್ರಿಟಿಷರ ಕಾಲದ ಕ್ರಿಮಿನಲ್ ಪ್ರಕ್ರಿಯೆಯನ್ನೆಲ್ಲ ಒಂದೇ ಸಂಜೆಯಲ್ಲಿ ಹೇಳುವುದಕ್ಕಾಗಲ್ಲ. ಒಂದೇ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಆರೋಪಿ ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೂ ಕೋರ್ಟು ಅದನ್ನು ಯಾಕೆ ನಂಬುವುದಿಲ್ಲ?

ಸಕಲೇಶಪುರ ದಾಟಿ ಘಟ್ಟ ಇಳಿದರೆ ಆಗ ಮದ್ರಾಸ್ ಪ್ರಾಂತ್ಯ. ಘಟ್ಟದ ಮೇಲೆ ನಮ್ಮ ಮೈಸೂರು ಸೀಮೆ, ಅಲ್ಲಿ 1831ರಿಂದ 1881ರವರೆಗೆ ಕಮಿಷನರ್ ಆಳ್ವಿಕೆ. ಮದ್ರಾಸಿನಲ್ಲಿ ಕಂದಾಯ ವಸೂಲಿಗೆ, ತಪ್ಪೊಪ್ಪಿಗೆಗೆ ಜನರನ್ನು ಹಿಂಸಿಸುತ್ತಾರೆ ಎಂಬ ದೂರು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಒಂದು ಆಯೋಗ ಕೂತು ವಿಚಾರಿಸಿತು. 1855ರಲ್ಲಿ ವರದಿ ಬಂತು. ಅದರಲ್ಲಿ ಕಿಟ್ಟಿ ಎಂಬ ಸಾಧನದ ಮಾತಿದೆ. ಎರಡು ಕೋಲು, ನಡುವೆ ಬೆರಳು, ಒತ್ತುವುದು. ಅಷ್ಟೇ. ಓದುವಾಗ ಈಗಲೂ ನನ್ನ ಕೈ ತಾನಾಗಿ ಮಡಚಿಕೊಳ್ಳುತ್ತದೆ.

ಆರು ವರ್ಷದ ನಂತರ, 1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂದು ಬರೆದರು. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಅದೇ 25ನೇ ಸೆಕ್ಷನ್ ಆಯಿತು. ಪೊಲೀಸರ ವಶದಲ್ಲಿದ್ದಾಗ ಬೇರೆ ಯಾರ ಹತ್ತಿರ ಒಪ್ಪಿಕೊಂಡರೂ, ಎದುರಿಗೆ ಮ್ಯಾಜಿಸ್ಟ್ರೇಟ್ ಇರಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಅದು 26. ಯೋಚಿಸಿ ನೋಡಿ, ಪೊಲೀಸ್ ಕಾಯ್ದೆ ತಂದದ್ದೂ ಅದೇ 1861ರಲ್ಲಿ, ಅದೇ ಸರ್ಕಾರ. ತಾನೇ ನೇಮಿಸಿದ ಪೊಲೀಸನನ್ನು ತಾನೇ ನಂಬಲಿಲ್ಲ. (ಆಗಿನ ಮ್ಯಾಜಿಸ್ಟ್ರೇಟರಲ್ಲೂ ಬಹಳಷ್ಟು ಜನ ಕಂದಾಯದ ಅಧಿಕಾರಿಗಳೇ. ನಮ್ಮಲ್ಲಿ ಅಮಲ್ದಾರರು. ಅದು ಇನ್ನೊಂದು ಸಂಜೆಯ ಮಾತು.)

ಆದರೆ ಬಾಗಿಲು ಹಾಕಿ ಕಿಟಕಿ ಬಿಟ್ಟರು. ಅದೇ 27ನೇ ಸೆಕ್ಷನ್. ಆರೋಪಿ ಹೇಳಿದ್ದರಿಂದ ಏನಾದರೂ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಎಷ್ಟು ಮಾತು? 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪೀಠ, ಇದನ್ನು ಬಿಡಿಸಿ ಹೇಳಿತು. ‘ಮನೆಯ ಮಾಡಿನಲ್ಲಿ ಚಾಕು ಬಚ್ಚಿಟ್ಟಿದ್ದೇನೆ, ತೆಗೆದುಕೊಡುತ್ತೇನೆ’ ಎಂದರೆ ಪತ್ತೆಯಾಗುವುದು ಚಾಕು ಅಲ್ಲ. ಅದು ಅಲ್ಲಿದೆ ಎಂಬುದು ಇವನಿಗೆ ಗೊತ್ತಿತ್ತು ಎಂಬ ಸಂಗತಿ. ‘ಅದರಿಂದಲೇ ಚುಚ್ಚಿದೆ’ ಎಂಬ ಮಾತನ್ನು ಬಿಟ್ಟುಬಿಡಬೇಕು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಬಂದಿದೆ, ಈ ಮೂರೂ ಸೇರಿ 23ನೇ ಸೆಕ್ಷನ್ ಆಗಿವೆ. ನಂಬರ್ ಬದಲಾಯಿತು, ಕಿಟಕಿ ಹಾಗೇ ಇದೆ.

ನಾನು ಹೊಸದಾಗಿ ಸೇರಿದಾಗ ಒಂದು ಕೊಲೆ ಕೇಸಿನ ಕಡತ ಕೈಗೆ ಬಂತು. ಅದರಲ್ಲಿ ಆರೋಪಿಯದೆಂದು ಪೊಲೀಸರು ಬರೆದುಕೊಂಡ ಸ್ವಇಚ್ಛಾ ಹೇಳಿಕೆ: ‘ಕೊಲೆಗೆ ಬಳಸಿದ ಮಚ್ಚನ್ನು ಕಾಫಿ ಗಿಡದ ಬುಡದಲ್ಲಿ ಹೂತಿಟ್ಟಿದ್ದೇನೆ, ನನ್ನನ್ನು ಕರೆದುಕೊಂಡು ಹೋದರೆ ತೋರಿಸಿ ಹಾಜರುಪಡಿಸುತ್ತೇನೆ.’ ನಮ್ಮ ಸೀನಿಯರ್ ಪೆನ್ಸಿಲ್ ತೆಗೆದು ‘ಕೊಲೆಗೆ ಬಳಸಿದ’ ಎಂಬ ಎರಡು ಪದದ ಸುತ್ತ ಗೆರೆ ಎಳೆದರು. ‘ಇದನ್ನು ಸಾಕ್ಷ್ಯವಾಗಿ ಗುರುತು ಮಾಡಲು ಬಿಡಬೇಡ’ ಎಂದರು. ಆಮೇಲೆ ಬೇರೆ ಎರಡು ಕಡತ ತೆಗೆದು ತೋರಿಸಿದರು. ಆರೋಪಿಗಳು ಬೇರೆ, ಊರು ಬೇರೆ. ‘ತೋರಿಸಿ ಹಾಜರುಪಡಿಸುತ್ತೇನೆ’ ಎಂಬುದು ಮಾತ್ರ ಅಕ್ಷರ ತಪ್ಪದೆ ಅದೇ.

ವಿಚಾರಣೆಯ ದಿನ ಪಂಚ ಬಂದ, ಅಂದರೆ ಮಚ್ಚು ತೆಗೆದದ್ದನ್ನು ಕಣ್ಣಾರೆ ಕಂಡೆ ಎಂದು ಮಹಜರಿಗೆ ರುಜು ಹಾಕಿದ ಸಾಕ್ಷಿ. ತೋಟದ ಆಳು, ಕೈಯಲ್ಲಿ ಟವಲ್ಲು ಹಿಡಿದು ಕಟಕಟೆಯಲ್ಲಿ ನಿಂತ. ಮಹಜರು ಮಾಡುವಾಗ ತೋಟಕ್ಕೆ ಹೋಗಿದ್ದೆಯಾ ಅಂತ ಸೀನಿಯರ್ ಕೇಳಿದರು.

‘ಇಲ್ಲ ಸ್ವಾಮಿ. ಠಾಣೆಗೆ ಬಾ ಅಂದ್ರು. ಮಚ್ಚು ಮೇಜಿನ ಮೇಲಿತ್ತು. ಅಲ್ಲೇ ರುಜು ಹಾಕ್ದೆ.’